ಕರೆಂಟ್ ಬಂತಾ ನೋಡಿ ಬರೋದು, ಬಂದಾಗ ಎಬ್ಬಿಸೋದು

(ಚಿತ್ರದುರ್ಗದಲ್ಲಿ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನರ ಹೊಲ, ತೋಟದಲ್ಲಿ ಬೋರ್‌ವೆಲ್ ಇದೆ, ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಹಾಗಾದರೆ ಇವತ್ತಿನ ವಿಷಯ ನಿಮಗೆ ಚಿಕ್ಕಂದಿನಿಂದಲೇ ಗೊತ್ತು, ಹೆಸರು ಮಾತ್ರ ಹೊಸದು.

ನಾನು ಹುಡುಗನಾಗಿದ್ದಾಗ ತ್ರೀ ಫೇಸ್ ಕರೆಂಟ್ ರಾತ್ರಿ ಹನ್ನೊಂದಕ್ಕೆ ಬರುತ್ತೋ ಎರಡಕ್ಕೆ ಬರುತ್ತೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮಪ್ಪ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ನೋಡಿ ಬರುತ್ತಿದ್ದರು. ಬಂದಿಲ್ಲ ಅಂದರೆ ವಾಪಸ್, ಒಂದು ತಾಸು ಬಿಟ್ಟು ಮತ್ತೆ ಹೋಗೋದು. ಆಮೇಲೆ ಪಂಪ್‌ಮನೆ ಗೋಡೆಗೆ ಮೂರು ಬಲ್ಬ್ ಹಾಕಿದರು, ಫೇಸಿಗೊಂದು. ಮೂರೂ ಸರಿಯಾಗಿ ಉರಿದರೆ ತ್ರೀ ಫೇಸ್ ಬಂತು ಅಂತ ಲೆಕ್ಕ. ತೋಟದ ತನಕ ನಡೆಯೋದು ತಪ್ಪಿತು, ಹಾಸಿಗೆಯಿಂದ ಎದ್ದು ಕಿಟಕಿಯಲ್ಲಿ ಇಣುಕಿದರೆ ಸಾಕಾಯಿತು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ. ಕರೆಂಟ್ ಬಂದ ಕೂಡಲೇ ಡಬ್ಬಿಯೊಳಗಿನ ಸಿಮ್ಮಿನಿಂದ ಫೋನಿಗೆ ಕರೆ ಬರುತ್ತೆ. ಅಲ್ಲಿಯವರೆಗೆ ಅಪ್ಪ ನಿಶ್ಚಿಂತೆಯಿಂದ ಮಲಗಬಹುದು.

ಹೊರಗೆ ಏನಾದರೂ ಆಯಿತಾ ಅಂತ ಪ್ರೊಸೆಸರ್ ತಿಳಿಯೋದಕ್ಕೂ ಇವೇ ದಾರಿಗಳು. ಟಾರ್ಚ್ ಹಿಡಿದು ಹೋಗೋದು ಪೋಲಿಂಗ್. ಫೋನ್ ಬಂದು ಎಬ್ಬಿಸೋದು ಇಂಟರಪ್ಟ್. ನಡುವಿನ ಬಲ್ಬನ್ನು ಮಾತ್ರ ಮರೆಯಬೇಡಿ. ಅದೂ ಪೋಲಿಂಗೇ, ಆದರೆ ಒಂದು ಸಲ ನೋಡುವ ಖರ್ಚು ಕಡಿಮೆ. ಪಠ್ಯಪುಸ್ತಕದಲ್ಲಿ ಪೋಲಿಂಗ್ ಅಂದರೆ ಸಮಯ ಹಾಳು, ಇಂಟರಪ್ಟ್ ಅಂದರೆ ಜಾಣತನ ಅಂತ ಎರಡು ಕಾಲಂ ಮಾಡಿ ಬರೆದಿರುತ್ತಾರೆ. ಇಪ್ಪತ್ತು ವರ್ಷದಿಂದ ಪಂಪ್ ಕಂಟ್ರೋಲರ್, ಮಳೆಮಾಪಕ, ಫ್ಲೋ ಮೀಟರ್ ಕೆಲಸ ಮಾಡಿಕೊಂಡು ಬಂದಿರುವ ನನಗೆ ಆ ಎರಡು ಕಾಲಂ ಮೇಲೆ ನಂಬಿಕೆ ಇಲ್ಲ. ಚಿಪ್ಪಿನ ಒಂದು ಪಿನ್ನಿಗೆ ವೈರ್ ಹಾಕುವ ಮುಂಚೆ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಸಿಗ್ನಲ್ ಬಂದರೆ ಎಷ್ಟು ಹೊತ್ತು ನಿಲ್ಲುತ್ತೆ? ನಾನು ಎಷ್ಟು ತಡವಾಗಿ ಗಮನಿಸಿದರೂ ನಡೆಯುತ್ತೆ? ತ್ರೀ ಫೇಸ್ ಬಂದರೆ ತಾಸುಗಟ್ಟಲೆ ಇರುತ್ತೆ, ಐದು ನಿಮಿಷ ತಡವಾದರೆ ಅಡಿಕೆ ಮರ ಒಣಗಲ್ಲ. ಅದಕ್ಕೇ ಬಲ್ಬ್ ಸಾಕಿತ್ತು.

ಈಗ ನಿಮ್ಮ ಪ್ರಾಜೆಕ್ಟ್‌ಗಳಿಗೆ ಬರೋಣ. ಆರ್ಡುಯಿನೊ ಊನೋ ಬೋರ್ಡ್, ಕಲಿಯುವವರ ಪುಟ್ಟ ಕಂಪ್ಯೂಟರ್. ಲೂಪಿನೊಳಗೆ, ಅಂದರೆ ಸುತ್ತಿ ಸುತ್ತಿ ನಡೆಯುವ ಕೋಡಿನಲ್ಲಿ, ಉಷ್ಣತೆ ಓದೋದು, ಎಲ್‌ಸಿಡಿಗೆ ಬರೆಯೋದು, ಡಿಲೇ 1000 ಅಂತ ಒಂದು ಸೆಕೆಂಡ್ ಸುಮ್ಮನೆ ಕಾಯೋದು, ಕೊನೆಗೆ ಬಟನ್ ಒತ್ತಿದ್ದಾರಾ ಅಂತ ನೋಡೋದು. ಬಟನ್ ಒತ್ತಿದರೆ ಏನೂ ಆಗಲ್ಲ. ಹುಡುಗ ಹೇಳ್ತಾನೆ, "ಸ್ವಲ್ಪ ಹೊತ್ತು ಒತ್ತಿ ಹಿಡಿದುಕೊಳ್ಳಬೇಕು ಸರ್." ನಾವು ಬಟನ್ ಒತ್ತಿ ಬಿಡೋದು ಸುಮಾರು 100 ಮಿಲಿಸೆಕೆಂಡಿನಲ್ಲಿ. ಅವನ ಲೂಪ್ ಬಟನ್ ಕಡೆ ನೋಡೋದು ಸೆಕೆಂಡಿಗೆ ಒಂದೇ ಸಲ. ಹತ್ತು ಸಲ ಒತ್ತಿದರೆ ಒಂದು ಸಲ ಸಿಗಬಹುದು. ಪಕ್ಕದಲ್ಲಿ ನಿಂತವರು ಯಾರೋ ಹೇಳ್ತಾರೆ, ಬಟನ್‌ಗೆ ಇಂಟರಪ್ಟ್ ಹಾಕಪ್ಪಾ ಅಂತ.

ಬೇಡ. ತಪ್ಪಿರೋದು ಡಿಲೇಯಲ್ಲಿ. ಪ್ರೊಸೆಸರ್ ಕೆಲಸದಿಂದ ಬಿಡುವಿಲ್ಲದೆ ಬಟನ್ ನೋಡಲಿಲ್ಲ ಅಂತ ತಿಳಿಯಬೇಡಿ, ಅದು ಸುಮ್ಮನೆ ಒಂದು ಸೆಕೆಂಡ್ ಕೂತಿತ್ತು. ಡಿಲೇ ತೆಗೆದು, ಮಿಲಿಸ್, ಅಂದರೆ ಬೋರ್ಡಿನ ಮಿಲಿಸೆಕೆಂಡ್ ಗಡಿಯಾರ, ನೋಡಿಕೊಂಡು ಯಾವ ಕೆಲಸದ ಸರದಿ ಬಂತೋ ಅದನ್ನಷ್ಟೇ ಮಾಡಿದರೆ ಅದೇ ಲೂಪ್ ಸೆಕೆಂಡಿಗೆ ಸಾವಿರಾರು ಸುತ್ತು ಹೊಡೆಯುತ್ತೆ. ಒಂದು ಪಿನ್ ಓದೋಕೆ ಊನೋದಲ್ಲಿ ಕೆಲವೇ ಮೈಕ್ರೊಸೆಕೆಂಡ್ ಬೇಕು. ಕಿಟಕಿಯಲ್ಲಿ ಇಣುಕಿದಷ್ಟು ಅಗ್ಗ.

ಬಟನ್‌ಗೆ ಇಂಟರಪ್ಟ್ ಹಾಕಿದರೆ ಇನ್ನೊಂದು ತೊಂದರೆ ಕೂಡಾ ಶುರುವಾಗುತ್ತೆ. ಒಳಗಿರೋದು ಲೋಹದ ಎರಡು ತುಂಡು. ಅವು ತಾಗುವಾಗ ಪುಟಿಯುತ್ತವೆ, ತಾಗಿ ಬಿಟ್ಟು ತಾಗಿ ಬಿಟ್ಟು ಕೆಲವು ಮಿಲಿಸೆಕೆಂಡ್ ಆದ ಮೇಲೆ ನೆಲೆ ನಿಲ್ಲುತ್ತವೆ. ನಮ್ಮ ಕಣ್ಣಿಗೆ ಅದು ಕ್ಷಣ. 16 ಮೆಗಾಹರ್ಟ್ಸ್ ಪ್ರೊಸೆಸರಿಗೆ 5 ಮಿಲಿಸೆಕೆಂಡ್ ಅಂದರೆ 80,000 ಕ್ಲಾಕ್, ಅಂದರೆ ಅದರ ಗಡಿಯಾರದ ಅಷ್ಟು ಮಿಡಿತ. ಒಂದು ಸಲ ಒತ್ತಿದ್ದನ್ನ ಅದು ಐದಾರು ಸಲ ಅಂತ ಎಣಿಸುತ್ತೆ, ಅದರ ತಪ್ಪೇನೂ ಇಲ್ಲ, ನಿಜವಾಗಿಯೂ ಅಷ್ಟು ಸಲ ತಾಗಿದೆ. ಕರೆಂಟ್ ಬಂದ ಕೂಡಲೇ ನಿಮ್ಮಪ್ಪ ಮೋಟಾರ್ ಹಾಕ್ತಾರಾ? ಹಾಕಲ್ಲ. ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಎರಡು ನಿಮಿಷ ನಿಂತಿದೆ ಅಂತ ಖಾತ್ರಿಯಾದ ಮೇಲೆ ಹಾಕ್ತಾರೆ. ಆಟೋ ಸ್ಟಾರ್ಟರಿನಲ್ಲಿ ಡಿಲೇ ಟೈಮರ್ ಇರೋದೂ ಇದಕ್ಕೇ. ಬಟನ್‌ಗೂ ಅದೇ ಮಾಡಿ. 5 ಮಿಲಿಸೆಕೆಂಡಿಗೆ ಒಂದು ಸಲ ನೋಡಿ, ಸತತ ನಾಲ್ಕು ಸಲ ಒತ್ತಿದ ಹಾಗೇ ಕಂಡರೆ ನಂಬಿ. 20 ಮಿಲಿಸೆಕೆಂಡ್ ತಡ ಯಾವ ಬೆರಳಿಗೂ ಗೊತ್ತಾಗಲ್ಲ. ಮನುಷ್ಯರು ಒತ್ತುವ ಯಾವುದಕ್ಕೂ ಪೋಲಿಂಗೇ ಸರಿ. ಬ್ಯಾಟರಿ ಮೇಲೆ ನಿದ್ದೆ ಮಾಡುತ್ತಿರುವ ಸಾಧನವನ್ನ ಬಟನ್ ಒತ್ತಿ ಎಬ್ಬಿಸಬೇಕಿದ್ದರೆ ಮಾತ್ರ ಬೇರೆ ಮಾತು.

ಆ ಬೇರೆ ಮಾತಿಗೆ ಮಳೆಮಾಪಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಳಗೆ ಏತದ ಹಾಗೆ ಆಚೀಚೆ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ವಾಲಿ ನೀರು ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ. ಸಾಮಾನ್ಯವಾಗಿ ಒಂದು ವಾಲಿಕೆಗೆ 0.2 ಮಿಲಿಮೀಟರ್ ಮಳೆ. ವಾಲುವಾಗ ಒಂದು ಮ್ಯಾಗ್ನೆಟ್ ರೀಡ್ ಸ್ವಿಚ್ ಮುಂದೆ ಹಾದುಹೋಗುತ್ತೆ, ಸ್ವಿಚ್ ಕ್ಷಣಮಾತ್ರ ಮುಚ್ಚಿ ತೆರೆಯುತ್ತೆ. ಚಳ್ಳಕೆರೆ, ಹಿರಿಯೂರು ಕಡೆ ವಾರಗಟ್ಟಲೆ ಹನಿ ಬೀಳಲ್ಲ. ಬಿದ್ದ ದಿನ ಒಂದು ವಾಲಿಕೆಯೂ ತಪ್ಪಬಾರದು, ಯಾಕೆಂದರೆ ಇಲ್ಲಿ ಹತ್ತು ಮಿಲಿಮೀಟರ್ ಬಿತ್ತೋ ಹದಿನೈದು ಬಿತ್ತೋ ಅನ್ನೋದರ ಮೇಲೆ ಶೇಂಗಾ ಬಿತ್ತನೆ ನಿಂತಿರುತ್ತೆ.

ಲೆಕ್ಕ ಹಾಕಿ. ಗಂಟೆಗೆ 60 ಮಿಲಿಮೀಟರ್ ಜಡಿಮಳೆ ಬಂದರೂ ನಿಮಿಷಕ್ಕೆ ಐದು ವಾಲಿಕೆ. ಈ ಐದಕ್ಕಾಗಿ ಪ್ರೊಸೆಸರ್ ಸದಾ ಎಚ್ಚರ ಇದ್ದು 10 ಮಿಲಿಆಂಪ್ ಎಳೆದರೆ, 2000 ಮಿಲಿಆಂಪ್-ಅವರ್ ಬ್ಯಾಟರಿ 200 ಗಂಟೆಗೆ ಖಾಲಿ, ಎಂಟು ದಿನ ಚಿಲ್ಲರೆ. ಮಲಗಿಸಿಟ್ಟು ಇಡೀ ಸರ್ಕ್ಯೂಟ್ 10 ಮೈಕ್ರೊಆಂಪ್ ಎಳೆಯುವ ಹಾಗೆ ಮಾಡಿದರೆ ಲೆಕ್ಕದಲ್ಲಿ 22 ವರ್ಷ. ಅಷ್ಟರಲ್ಲಿ ಬ್ಯಾಟರಿಯೇ ತನ್ನಷ್ಟಕ್ಕೆ ಸತ್ತಿರುತ್ತೆ, ಇರಲಿ. ಊನೋ ಬೋರ್ಡನ್ನ ಹಾಗೇ ಇಟ್ಟು ಚಿಪ್ ಮಾತ್ರ ಮಲಗಿಸಿದರೆ ಈ ಅಂಕಿ ಬರಲ್ಲ, ಬೋರ್ಡ್ ಮೇಲಿನ ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಎಲ್‌ಇಡಿ ಎಳೆಯುತ್ತಲೇ ಇರುತ್ತವೆ. ಬರೀ ಚಿಪ್ ಹಾಕಿ ನಿಮ್ಮದೇ ಬೋರ್ಡ್ ಮಾಡಿ. ಸ್ವಿಚ್ ಪುಟಿಯೋದು ಇಲ್ಲೂ ಇದೆ, ಆದರೆ ಜಡಿಮಳೆಯಲ್ಲೂ ಎರಡು ವಾಲಿಕೆ ನಡುವೆ ಹನ್ನೆರಡು ಸೆಕೆಂಡ್ ಇರೋದರಿಂದ, ಒಂದು ಎಣಿಸಿದ ಮೇಲೆ 100 ಮಿಲಿಸೆಕೆಂಡ್ ಬಂದದ್ದನ್ನೆಲ್ಲ ಬಿಟ್ಟುಬಿಟ್ಟರೆ ಮುಗಿಯಿತು.

ಇಂಟರಪ್ಟ್ ಬಂದಾಗ ಒಳಗೆ ಏನಾಗುತ್ತೆ ಅಂತ ಒಂದು ನಿಮಿಷ. ಊನೋದಲ್ಲಿರುವ ಎಟಿಮೆಗಾ328ಪಿ ಚಿಪ್ ಕೈಯಲ್ಲಿರುವ ಇನ್‌ಸ್ಟ್ರಕ್ಷನ್ ಮುಗಿಸುತ್ತೆ, ವಾಪಸ್ ಎಲ್ಲಿಗೆ ಬರಬೇಕು ಅನ್ನೋ ವಿಳಾಸ ಸ್ಟ್ಯಾಕ್ ಅನ್ನೋ ಮೆಮೊರಿಯ ಜಾಗದಲ್ಲಿ ಇಡುತ್ತೆ, ಬೇರೆ ಇಂಟರಪ್ಟ್‌ಗಳಿಗೆ ಬಾಗಿಲು ಹಾಕುತ್ತೆ, ನಿಮ್ಮ ಐಎಸ್‌ಆರ್ ಕಡೆ, ಅಂದರೆ ಇಂಟರಪ್ಟ್ ಬಂದಾಗ ನಡೆಯಲಿ ಅಂತ ನೀವು ಬರೆದಿಟ್ಟ ಕೋಡಿನ ಕಡೆ, ಹಾರುತ್ತೆ. ಕನಿಷ್ಠ 4 ಕ್ಲಾಕ್. ಅದರ ಮೇಲೆ ರಿಜಿಸ್ಟರ್‌ಗಳನ್ನ, ಅಂದರೆ ಪ್ರೊಸೆಸರ್ ಕೈಯಲ್ಲಿ ಹಿಡಿದಿರುವ ಸಂಖ್ಯೆಗಳನ್ನ, ಎತ್ತಿಡೋದು ಕಂಪೈಲರ್ (ನಮ್ಮ ಪ್ರೋಗ್ರಾಮನ್ನ ಚಿಪ್ಪಿನ ಭಾಷೆಗೆ ತಿರುಗಿಸುವ ತಂತ್ರಾಂಶ) ಬರೆದ ಕೋಡಿನ ಕೆಲಸ. ಕಾರ್ಟೆಕ್ಸ್-ಎಂ3 ಅನ್ನೋ ಇನ್ನೊಂದು ಪ್ರೊಸೆಸರಿನಲ್ಲಿ ಎಂಟು ರಿಜಿಸ್ಟರ್‌ಗಳನ್ನ ಹಾರ್ಡ್‌ವೇರೇ ಎತ್ತಿಟ್ಟು, ಮೆಮೊರಿ ಕಾಯಿಸದಿದ್ದರೆ 12 ಕ್ಲಾಕಿನಲ್ಲಿ ನಿಮ್ಮ ಮೊದಲ ಸಾಲಿಗೆ ತರುತ್ತೆ.

ಬಾಗಿಲು ಹಾಕಿರುತ್ತೆ ಅಂದೆನಲ್ಲ, ಅದನ್ನ ನೆನಪಿಡಿ. ಐಎಸ್‌ಆರ್ ಒಳಗೆ ಕೂತು ಸೀರಿಯಲ್ ಪ್ರಿಂಟ್ ಮಾಡೋದು, ಡಿಲೇ ಹಾಕೋದು, ಎಲ್‌ಸಿಡಿ ಬರೆಯೋದು ಮಾಡಿದರೆ ಉಳಿದವರೆಲ್ಲ ಹೊರಗೆ ಕಾಯಬೇಕು. ಊನೋದ ಮಿಲಿಸ್ ಕೂಡಾ 1.024 ಮಿಲಿಸೆಕೆಂಡಿಗೊಮ್ಮೆ ಬರುವ ಟೈಮರ್ ಇಂಟರಪ್ಟ್ ಮೇಲೆ ನಡೆಯೋದು. ನೀವು ಐಎಸ್‌ಆರ್ ಒಳಗೆ ಹತ್ತು ಮಿಲಿಸೆಕೆಂಡ್ ಕೂತರೆ ನಿಮ್ಮ ಗಡಿಯಾರವೇ ಹಿಂದೆ ಬೀಳುತ್ತೆ.

ಇದೇ ಊರಲ್ಲಿ ನಿಂತು ಓಬವ್ವನ ಹೆಸರು ಹೇಳದೆ ಹೇಗೆ ಹೋಗಲಿ. ಕಿಂಡಿಯಲ್ಲಿ ಒಬ್ಬೊಬ್ಬನೇ ತೂರಿ ಬರಬೇಕು. ತಲೆ ಕಂಡಿತು, ಒನಕೆ ಬಿತ್ತು, ದೇಹ ಪಕ್ಕಕ್ಕೆ ಎಳೆದಳು, ಮುಂದಿನವನಿಗೆ ಕಾದಳು. ಆ ಎಳೆಯೋದನ್ನ ಗಮನಿಸಿ. ಅದನ್ನ ಬಿಟ್ಟಿದ್ದರೆ ಕಿಂಡಿಯೇ ಕಟ್ಟಿಕೊಳ್ಳುತ್ತಿತ್ತು, ಹಿಂದಿನವನಿಗೆ ಗೊತ್ತಾಗುತ್ತಿತ್ತು. ಎಸ್‌ಟಿಎಂ32 ಅನ್ನೋ ಚಿಪ್ಪಿನಲ್ಲಿ ಹೊರಗಿನ ಪಿನ್ನಿನ ಇಂಟರಪ್ಟ್ ಬಂದಾಗ ಪೆಂಡಿಂಗ್ ಫ್ಲ್ಯಾಗನ್ನ, ಅಂದರೆ ಇಂಟರಪ್ಟ್ ಬಂದಿದೆ ಅಂತ ಚಿಪ್ ಹಾಕಿಟ್ಟ ಗುರುತನ್ನ, ನೀವೇ ತೆಗೆಯಬೇಕು. ಮರೆತರೆ ಐಎಸ್‌ಆರ್ ಮುಗಿದ ಕೂಡಲೇ ಮತ್ತೆ ಅದೇ ಐಎಸ್‌ಆರ್, ಮತ್ತೆ ಅದೇ. ಮೇನ್ ಲೂಪಿಗೆ ಜೀವಮಾನದಲ್ಲಿ ಸರದಿ ಬರಲ್ಲ. ಬೋರ್ಡ್ ಹ್ಯಾಂಗ್ ಆಯ್ತು ಅಂತ ನನ್ನ ಹತ್ತಿರ ತರುವ ಹುಡುಗರ ಕೋಡಿನಲ್ಲಿ ನಾನು ಮೊದಲು ಹುಡುಕೋದು ಈ ಒಂದು ಸಾಲನ್ನ.

ಈಗ ನನ್ನದೇ ಒಂದು ತಪ್ಪು ಹೇಳ್ತೀನಿ. ಹೊಳಲ್ಕೆರೆ ಕಡೆ ಒಂದು ಅಡಿಕೆ ತೋಟ. ಮೇಲೆ ತೊಟ್ಟಿ, ಕೆಳಗೆ ಬೋರ್. ತೊಟ್ಟಿ ತುಂಬಿದರೆ ಫ್ಲೋಟ್ ಸ್ವಿಚ್ ಮುಚ್ಚಬೇಕು, ನನ್ನ ಡಬ್ಬಿ ಮೋಟಾರ್ ಆಫ್ ಮಾಡಬೇಕು. ಆಗ ನನಗೂ ಇಂಟರಪ್ಟ್ ಅಂದರೆ ಉತ್ತಮ ಅನ್ನೋ ನಂಬಿಕೆ ಇತ್ತು. ಫ್ಲೋಟ್ ವೈರನ್ನ ನೇರವಾಗಿ ಇಂಟರಪ್ಟ್ ಪಿನ್ನಿಗೆ ಕೊಟ್ಟು, ಐಎಸ್‌ಆರ್ ಒಳಗೇ ಮೋಟಾರಿನ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರ್ ಬಿಡಿಸುವ ಸಾಲು ಬರೆದಿದ್ದೆ. ಟೇಬಲ್ ಮೇಲೆ ಚೆನ್ನಾಗಿ ನಡೆಯಿತು. ತೋಟದಲ್ಲಿ ಕೂರಿಸಿ ಮೂರನೇ ದಿನಕ್ಕೆ ಯಜಮಾನರ ಫೋನ್. "ಏನಪ್ಪಾ, ನಿನ್ನ ಡಬ್ಬಿ ನನ್ನ ಮೋಟಾರನ್ನ ಕುಣಿಸ್ತಾ ಐತಲ್ಲ. ತೊಟ್ಟಿ ಖಾಲಿ ಐತೆ, ಇದು ಹಾಕ್ತದೆ, ತೆಗೀತದೆ."

ಅವತ್ತು ರಾತ್ರಿ ಪಂಪ್‌ಮನೆಯಲ್ಲಿ ಕೂತೆ. ಐಎಸ್‌ಆರ್‌ನಲ್ಲಿ ಮೋಟಾರ್ ಬಿಡಿಸುವ ಸಾಲು ತೆಗೆದು ಬರೀ ಎಣಿಸುವ ಸಾಲು ಇಟ್ಟೆ, ಲ್ಯಾಪ್‌ಟಾಪ್ ಹಚ್ಚಿದೆ. ಕರೆಂಟ್ ಬಂತು. ಕಾಂಟ್ಯಾಕ್ಟರ್ ಠಪ್ ಅಂತ ಎಳೆಯಿತು. ಪರದೆಯಲ್ಲಿ ಸೊನ್ನೆ ಇದ್ದದ್ದು 43 ಆಯಿತು. ಫ್ಲೋಟ್ ಅಲ್ಲಾಡಿಲ್ಲ, ತೊಟ್ಟಿಯಲ್ಲಿ ನೀರೇ ಇಲ್ಲ. ಕೈಯಿಂದ ಆಫ್ ಮಾಡಿದೆ, 71. ಟಾರ್ಚ್ ಹಿಡಿದು ವೈರ್ ಹಿಂದೆ ಹೋದೆ. ನೂರೈವತ್ತು ಮೀಟರ್ ಫ್ಲೋಟ್ ವೈರು, ಮೋಟಾರ್ ಕೇಬಲ್ ಹೂತ ಅದೇ ಕಾಲುವೆಯಲ್ಲಿ, ಅದಕ್ಕೆ ಅಂಟಿಕೊಂಡೇ ಮಲಗಿತ್ತು. ಕಾಂಟ್ಯಾಕ್ಟರ್ ಎಳೆದಾಗ, ಬಿಟ್ಟಾಗ ಏಳುವ ಸ್ಪೈಕ್, ಅಂದರೆ ಕ್ಷಣಮಾತ್ರದ ವೋಲ್ಟೇಜ್ ಜಿಗಿತ, ಈ ಉದ್ದನೆ ವೈರಿನಲ್ಲಿ ಕೂತು ನನ್ನ ಪಿನ್ನಿಗೆ ಬರುತ್ತಿತ್ತು. ಮೈಕ್ರೊಸೆಕೆಂಡ್‌ಗಳ ಸ್ಪೈಕ್, ಆದರೆ ಇಂಟರಪ್ಟಿಗೆ ಅಷ್ಟೇ ಸಾಕು. ಅದು ಮೋಟಾರ್ ಬಿಡಿಸುತ್ತೆ, ಬಿಡಿಸಿದ್ದರಿಂದ ಇನ್ನೊಂದು ಸ್ಪೈಕ್, ಸ್ವಲ್ಪ ಹೊತ್ತಿಗೆ ಆಟೋ ಮತ್ತೆ ಹಾಕುತ್ತೆ, ಅದಕ್ಕೊಂದು ಸ್ಪೈಕ್.

ತೊಟ್ಟಿ ತುಂಬೋಕೆ ಎರಡು ತಾಸು ಬೇಕು. ತುಂಬಿದ ಮೇಲೆ ಅರ್ಧ ಸೆಕೆಂಡ್ ತಡವಾಗಿ ಆಫ್ ಆದರೆ ಒಂದು ಚೊಂಬು ನೀರು ಚೆಲ್ಲಬಹುದು. ಅಂಥ ನಿಧಾನದ ಸಿಗ್ನಲ್‌ಗೆ ನಾನು ಮೈಕ್ರೊಸೆಕೆಂಡಿನಲ್ಲಿ ಓಗೊಡುವ ಏರ್ಪಾಟು ಮಾಡಿದ್ದೆ. ಬೆಳಗಾಗುವುದರೊಳಗೆ ಕೋಡ್ ಬದಲಾಯಿಸಿದೆ. 10 ಮಿಲಿಸೆಕೆಂಡಿಗೊಮ್ಮೆ ನೋಡೋದು, ಸತತ 50 ಸಲ ಮುಚ್ಚಿದ ಹಾಗೇ ಕಂಡರೆ ತೊಟ್ಟಿ ತುಂಬಿದೆ ಅಂತ ನಂಬೋದು. ಆಮೇಲೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಹಾಕಿದೆ, ವೈರನ್ನೂ ಬೇರೆ ದಾರಿಯಲ್ಲಿ ಎಳೆಸಿದೆ. ಆ ಡಬ್ಬಿ ಇವತ್ತಿಗೂ ಅಲ್ಲೇ ಇದೆ. ಕರೆದವರು ಯಾರು ಅಂತ ಇಂಟರಪ್ಟ್ ವಿಚಾರಿಸಲ್ಲ, ಬಾಗಿಲು ತೆಗೆದೇಬಿಡುತ್ತೆ. ಪೋಲಿಂಗ್ ಮಾಡುವವನು ತನಗೆ ಬೇಕಾದಾಗ ನೋಡ್ತಾನೆ, ಎರಡು ಸಲ ನೋಡಿ ಖಾತ್ರಿ ಮಾಡಿಕೊಳ್ತಾನೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಒಂದು ಫ್ಲೋ ಮೀಟರ್. ಪೈಪಿನೊಳಗೆ ಚಕ್ರ ತಿರುಗಿದಾಗ ಪಲ್ಸ್ ಬರುತ್ತೆ, ಇಂಟರಪ್ಟಿನಲ್ಲಿ ಎಣಿಸೋದು, ಮೇನ್ ಲೂಪಿನಲ್ಲಿ ಎಣಿಕೆ ಓದಿ ಲೀಟರ್ ಮಾಡೋದು. ದಿನಗಟ್ಟಲೆ ಸರಿ ಇರುತ್ತೆ, ಒಂದು ದಿನ ಇದ್ದಕ್ಕಿದ್ದಂತೆ ನೀರು ದುಪ್ಪಟ್ಟು ಹರಿದಂತೆ ತೋರಿಸುತ್ತೆ, ಮರುಕ್ಷಣ ಸರಿ. ಯಾಕೆ ಅಂತ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ. ಎಣಿಕೆ 16 ಬಿಟ್, ಚಿಪ್ ಒಂದು ಸಲಕ್ಕೆ ಓದೋದು 8 ಬಿಟ್, ಅಂದರೆ ಒಂದು ಬೈಟ್. ಹಾಗಾಗಿ ಎಣಿಕೆ ಎರಡು ಬೈಟಿನಲ್ಲಿ ಕೂತಿರುತ್ತೆ, ಎರಡು ಸಲಕ್ಕೆ ಓದಬೇಕು. ಈಗ ಎಣಿಕೆ 255 ಇದೆ: ಮೇಲಿನ ಬೈಟ್ 0, ಕೆಳಗಿನದು 255. ಮೇನ್ ಲೂಪ್ ಕೆಳಗಿನದನ್ನ ಓದಿತು, 255 ಸಿಕ್ಕಿತು. ಸರಿಯಾಗಿ ಆ ಗಳಿಗೆಯಲ್ಲಿ ಇಂಟರಪ್ಟ್ ಬಂತು, ಎಣಿಕೆ 256 ಆಯಿತು: ಮೇಲಿನದು 1, ಕೆಳಗಿನದು 0. ಇಂಟರಪ್ಟ್ ಮುಗಿಯಿತು, ಲೂಪ್ ಈಗ ಮೇಲಿನದನ್ನ ಓದಿತು, 1. ಮೇಲಿನ 1ರ ಬೆಲೆ 256, ಅದಕ್ಕೆ ಕೆಳಗಿನ 255 ಕೂಡಿಸಿದರೆ 511. 255 ಅಲ್ಲ, 256 ಅಲ್ಲ, ಯಾವತ್ತೂ ಇರದೇ ಇದ್ದ ಸಂಖ್ಯೆ.

ಪರಿಹಾರ ಸಣ್ಣದು. ಆ ಎರಡು ಬೈಟ್ ಓದುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ, ನಕಲು ಮಾಡಿಕೊಂಡು, ಮತ್ತೆ ಬಿಡಿ. ಆ ನಡುವೆ ಬಂದ ಪಲ್ಸ್ ಫ್ಲ್ಯಾಗಿನಲ್ಲಿ ಕಾದಿರುತ್ತೆ, ಕಳೆದುಹೋಗಲ್ಲ. ಜೊತೆಗೆ ಆ ವೇರಿಯಬಲ್‌ಗೆ ವೊಲಟೈಲ್ ಅಂತ ಬರೆಯಿರಿ, ಇಲ್ಲದಿದ್ದರೆ ಲೂಪಿನೊಳಗೆ ಇದನ್ನ ಯಾರೂ ಬದಲಾಯಿಸುತ್ತಿಲ್ಲ ಅಂತ ಕಂಪೈಲರ್ ಹಳೆಯ ಬೆಲೆಯನ್ನೇ ರಿಜಿಸ್ಟರಿನಲ್ಲಿ ಇಟ್ಟುಕೊಂಡಿರುತ್ತೆ. ವೊಲಟೈಲ್ ಒಂದೇ ಬರೆದರೆ 511 ಬರೋದು ನಿಲ್ಲಲ್ಲ, ಎರಡೂ ಬೇಕು. ಪರಿಹಾರ ಸಣ್ಣದಾದರೂ ಹುಡುಕೋಕೆ ನನಗೆ ಎರಡು ತಿಂಗಳು ಹಿಡಿಯಿತು, ಯಾಕೆಂದರೆ ಬೇಕು ಅಂದಾಗ ಆ ತಪ್ಪು ಬರುತ್ತಿರಲಿಲ್ಲ.

ಈ ಭಯ ಹೊಸದಲ್ಲ. ಹಾಲೆಂಡಿನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1950ರ ದಶಕದ ಕೊನೆಗೆ ಎಕ್ಸ್1 ಅನ್ನೋ ಕಂಪ್ಯೂಟರಿಗೆ ಇಂಟರಪ್ಟ್ ನಿಭಾಯಿಸುವ ಪ್ರೋಗ್ರಾಮ್ ಬರೆದರು. 1959ರ ಅವರ ಪಿಎಚ್‌ಡಿ ಪ್ರಬಂಧವೂ ಅದರ ಮೇಲೆಯೇ. ಹಾರ್ಡ್‌ವೇರ್ ಮಾಡುವ ಗೆಳೆಯರು ಇಂಟರಪ್ಟ್ ಇಡೋಣ ಅಂದಾಗ ತಾನು ಗಾಬರಿಯಾದೆ ಅಂತ ಆಮೇಲೆ ಬರೆದಿದ್ದಾರೆ. ಅಲ್ಲಿಯವರೆಗೆ ಅದೇ ಪ್ರೋಗ್ರಾಮ್ ಅದೇ ಇನ್‌ಪುಟ್ ಕೊಟ್ಟರೆ ಅದೇ ತಪ್ಪು ಮತ್ತೆ ಬರುತ್ತಿತ್ತು, ಹಿಡಿಯಬಹುದಿತ್ತು. ಇಂಟರಪ್ಟ್ ಬಂದ ಮೇಲೆ ಯಾವ ಎರಡು ಇನ್‌ಸ್ಟ್ರಕ್ಷನ್ ನಡುವೆ ಅದು ನುಗ್ಗುತ್ತೆ ಅಂತ ಹೇಳೋ ಹಾಗಿಲ್ಲ. ನನ್ನ 511ರ ಜೊತೆ ಎರಡು ತಿಂಗಳು ಒದ್ದಾಡಿದ ಮೇಲೆ ಅದನ್ನ ಓದಿದೆ. ಅಷ್ಟು ದೊಡ್ಡವರಿಗೇ ಗಾಬರಿಯಾಗಿತ್ತು ಅಂತ ತಿಳಿದು ಧೈರ್ಯ ಬಂತು.

ಕರೆಯುವವರು ತೀರಾ ಹೆಚ್ಚಾದರೆ ಏನಾಗುತ್ತೆ? ಸುತ್ತಿಗೆ 1000 ಪಲ್ಸ್ ಕೊಟ್ಟು ತಿರುಗಿದ್ದನ್ನ ಅಳೆಯುವ 1000 ಗೆರೆಯ ಎನ್‌ಕೋಡರನ್ನ 1500 ಆರ್‌ಪಿಎಂ ಮೋಟಾರಿಗೆ ಕಟ್ಟಿ. ಸೆಕೆಂಡಿಗೆ 25 ಸುತ್ತು, 25,000 ಪಲ್ಸ್, ಎರಡೂ ಚಾನೆಲ್ಲಿನ ಎಲ್ಲ ಅಂಚುಗಳನ್ನ ಎಣಿಸಿದರೆ ಒಂದು ಲಕ್ಷ. ಅಂದರೆ 10 ಮೈಕ್ರೊಸೆಕೆಂಡಿಗೊಂದು, ಊನೋಗೆ 160 ಕ್ಲಾಕ್. ಐಎಸ್‌ಆರ್‌ಗೆ ಹೋಗಿ ಬರೋದರಲ್ಲೇ ಅದರ ದೊಡ್ಡ ಪಾಲು ಮುಗಿಯುತ್ತೆ. ಇಲ್ಲಿ ಪೋಲಿಂಗೂ ಬೇಡ, ಇಂಟರಪ್ಟೂ ಬೇಡ. ಎಸ್‌ಟಿಎಂ32ನ ಟೈಮರ್‌ಗಳಲ್ಲಿ ಎನ್‌ಕೋಡರ್ ಮೋಡ್ ಇದೆ, ಪ್ರೊಸೆಸರಿಗೆ ಗೊತ್ತೇ ಆಗದ ಹಾಗೆ ಹಾರ್ಡ್‌ವೇರೇ ಎಣಿಸುತ್ತೆ. ನೀವು ಬೇಕಾದಾಗ ಹೋಗಿ ಸಂಖ್ಯೆ ಓದಿಕೊಂಡು ಬನ್ನಿ.

1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುವಾಗ 1202 ಅಂತ, ಕಂಪ್ಯೂಟರಿಗೆ ಕೆಲಸ ಮಿತಿಮೀರಿತು ಅನ್ನೋ ಅಲಾರಂ ಬಂದದ್ದು ಕೇಳಿರಬಹುದು. ಆ ಹೊತ್ತಿಗೆ ಬೇಡವಾಗಿದ್ದ ಒಂದು ರಾಡಾರಿನಿಂದ ಪಲ್ಸ್‌ಗಳು ಸುರಿಯುತ್ತಿದ್ದವು. ಅವನ್ನ ಎಣಿಸೋದರಲ್ಲೇ ಕಂಪ್ಯೂಟರಿನ ಸಮಯದ ನೂರಕ್ಕೆ ಹದಿಮೂರು ಹದಿನೈದು ಪಾಲು ಹೋಗುತ್ತಿತ್ತು. ಅದು ನಾವು ಬರೆಯುವಂಥ ಐಎಸ್‌ಆರ್ ಅಲ್ಲ, ಕೌಂಟರ್ ಹೆಚ್ಚಿಸೋಕೆ ಹಾರ್ಡ್‌ವೇರ್ ನಡುನಡುವೆ ಮೆಮೊರಿ ಸೈಕಲ್ ಕದಿಯುತ್ತಿತ್ತು. ಮುಖ್ಯವಲ್ಲದ ಕೆಲಸ ಬಿಟ್ಟು ಮುಖ್ಯವಾದದ್ದನ್ನ ಮತ್ತೆ ಶುರು ಮಾಡುವ ಹಾಗೆ ಪ್ರೋಗ್ರಾಮ್ ಬರೆದಿದ್ದರಿಂದ ಇಳಿಯೋದಕ್ಕೆ ಅಡ್ಡಿಯಾಗಲಿಲ್ಲ.

ನೆಟ್‌ವರ್ಕಿನವರೂ ಇದೇ ದಾರಿಯಲ್ಲಿ ಹೋಗಿ ವಾಪಸ್ ಬಂದವರು. ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್, ಅಂದರೆ ಡೇಟಾದ ತುಂಡು, ಸೆಕೆಂಡಿಗೆ 14.88 ಲಕ್ಷ ಬರಬಹುದು. ಒಂದೊಂದಕ್ಕೂ ಇಂಟರಪ್ಟ್ ಆದರೆ ಯಂತ್ರ ಬಾಗಿಲು ತೆಗೆಯೋದರಲ್ಲೇ ಕಾಲ ಕಳೆಯುತ್ತೆ, ಒಳಗೆ ಒಂದು ಕೆಲಸವೂ ಆಗಲ್ಲ. ಕಂಪ್ಯೂಟರ್ ಸಂಶೋಧಕರಾದ ಜೆಫ್ರಿ ಮೊಗುಲ್ ಮತ್ತು ಕೆ. ಕೆ. ರಾಮಕೃಷ್ಣನ್ 1996ರಲ್ಲಿ ಇದನ್ನ ಬಿಡಿಸಿ ಬರೆದರು. ಲಿನಕ್ಸ್‌ನಲ್ಲಿ ಈಗ ಮೊದಲ ಪ್ಯಾಕೆಟ್ ಇಂಟರಪ್ಟ್ ಕೊಡುತ್ತೆ, ಡ್ರೈವರ್ ಆ ಇಂಟರಪ್ಟ್ ನಿಲ್ಲಿಸಿ, ಕ್ಯೂ ಖಾಲಿಯಾಗುವ ತನಕ ಪೋಲಿಂಗ್ ಮಾಡಿ, ಮತ್ತೆ ಇಂಟರಪ್ಟ್ ಬಿಡುತ್ತೆ. ಮದುವೆ ಮನೆಯಲ್ಲಿ ಮುಹೂರ್ತದ ಹೊತ್ತಿಗೆ ಬಾಗಿಲು ಹಾಕಿಕೊಂಡು ಬೆಲ್‌ಗೆ ಕಾಯ್ತೀವಾ? ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಬರಮಾಡಿಕೊಳ್ತೀವಿ. ಹಾಗೆ. ಇನ್ನೊಂದು ಗೊತ್ತಿರಲಿ: ಯುಎಸ್‌ಬಿ ಕೀಬೋರ್ಡ್, ಮೌಸ್ ಬಳಸುವ ವಿಧಾನದ ಹೆಸರು ಇಂಟರಪ್ಟ್ ಟ್ರಾನ್ಸ್‌ಫರ್. ಆದರೆ ಕೀಬೋರ್ಡ್ ತಾನಾಗಿ ಏನೂ ಹೇಳಲ್ಲ, ಕೆಲವು ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರೇ ಕೇಳುತ್ತೆ, ಏನಾದರೂ ಇದೆಯಾ ಅಂತ. ಇಂಟರ್‌ವ್ಯೂನಲ್ಲಿ ಕೇಳಿದರೆ ಹೇಳಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. "ಸರ್, ಇಂಟರಪ್ಟ್ ಬರಲೇ ಇಲ್ಲ ಅಂದ್ರೆ ಮಳೆ ಬಂದಿಲ್ಲ ಅಂತನಾ, ವೈರ್ ಕಟ್ಟಾಗಿದೆ ಅಂತನಾ, ಹೇಗೆ ಗೊತ್ತಾಗುತ್ತೆ?"

ಗೊತ್ತಾಗಲ್ಲಮ್ಮಾ. ವೈರನ್ನ ಇಲಿ ಕಡಿದಿರಬಹುದು, ಬಟ್ಟಲಿನ ಮೇಲಿನ ಜಾಲರಿಯಲ್ಲಿ ಹಕ್ಕಿ ಹಿಕ್ಕೆ, ಜೇಡರ ಬಲೆ ಕಟ್ಟಿಕೊಂಡಿರಬಹುದು. ಇಂಟರಪ್ಟ್ ನಂಬಿ ಮಲಗಿದವನಿಗೆ ಎಲ್ಲ ಮೌನವೂ ಒಂದೇ. ಅದಕ್ಕೆ ನನ್ನ ಮಳೆಮಾಪಕ ಮಳೆ ಬರಲಿ ಬಿಡಲಿ ದಿನಾ ಬೆಳಗ್ಗೆ ಆರಕ್ಕೆ ತಾನೇ ಎದ್ದು ಬ್ಯಾಟರಿ ವೋಲ್ಟೇಜ್ ಓದಿ ಒಂದು ಮೆಸೇಜ್ ಕಳಿಸುತ್ತೆ. ಆರೂವರೆಗೆ ಮೆಸೇಜ್ ಬರಲಿಲ್ಲ ಅಂದರೆ ಬೈಕ್ ತೆಗೆದುಕೊಂಡು ಹೋಗಿ ನೋಡ್ತೀವಿ. ಜಾಲರಿ ಕಟ್ಟಿದ್ದರೆ ಆ ಮೆಸೇಜಿನಿಂದಲೂ ತಿಳಿಯಲ್ಲ, ಹಾಗಾಗಿ ಮುಂಗಾರಿಗೆ ಮುಂಚೆ ಒಂದು ಚೊಂಬು ನೀರು ಅಳೆದು ನಿಧಾನ ಸುರಿದು, ಎಣಿಕೆ ಸರಿ ಬಂತಾ ಅಂತ ನೋಡಿ ಬರ್ತೀವಿ. ನಮ್ಮಪ್ಪನ ಮೊಬೈಲ್ ಸ್ಟಾರ್ಟರಿಗೂ ಒಮ್ಮೆ ಸಿಮ್ ರೀಚಾರ್ಜ್ ಮುಗಿದು, ಮೂರು ರಾತ್ರಿ ಕರೆಂಟ್ ಬಂದು ಹೋದರೂ ಫೋನ್ ಬರಲಿಲ್ಲ. ಪಂಪ್‌ಮನೆ ಗೋಡೆಯ ಬಲ್ಬ್ ಮೂರನ್ನೂ ಅವರು ಇನ್ನೂ ತೆಗೆಸಿಲ್ಲ. ರಾತ್ರಿ ನೀರು ಕುಡಿಯೋಕೆ ಎದ್ದಾಗ ಒಂದು ಸಲ ಕಿಟಕಿಯಲ್ಲಿ ನೋಡ್ತಾರೆ.